ಉಪಗ್ರಹದ ಕಣ್ಣಿಗೆ ಬಿದ್ದ ಬಸವನಗುಡಿಯ ಮರಗಳು

ಬೆಂಗಳೂರಿನಲ್ಲಿ ಮನೆಗಳೆಷ್ಟು ಎಂದು ಕೇಳಿದರೆ ಕಂದಾಯ ಕಚೇರಿಯಲ್ಲಿ ಒಂದು ಲೆಕ್ಕ ಸಿಗುತ್ತದೆ. ವಾಹನಗಳೆಷ್ಟು ಎಂದರೆ ಸಾರಿಗೆ ಇಲಾಖೆ ಹೇಳುತ್ತದೆ. ಜನರೆಷ್ಟು ಎಂಬುದಕ್ಕೆ ಜನಗಣತಿ ಇದೆ. ಆದರೆ ಉದ್ಯಾನನಗರಿ ಎಂಬ ಬಿರುದನ್ನು ಹೆಮ್ಮೆಯಿಂದ ಹೊತ್ತು ಮೆರೆದ ಈ ಊರಿನಲ್ಲಿ ಮರಗಳೆಷ್ಟು ಎಂಬ ಸರಳ ಪ್ರಶ್ನೆಗೆ ಬಹುಕಾಲ ಯಾರ ಬಳಿಯೂ ನೆಟ್ಟಗೆ ಉತ್ತರವಿರಲಿಲ್ಲ. ಲಾಲ್‌ಬಾಗಿನೊಳಗಿನ ಮರಗಳಿಗೆ ಹೆಸರಿನ ಫಲಕಗಳುಂಟು. ಗೇಟು ದಾಟಿ ಬಸವನಗುಡಿಯ ಕಡೆಗೆ ಹೊರಳಿದರೆ ಅಲ್ಲಿನ ಮರಗಳು ಹೆಸರೂ ಇಲ್ಲದ, ಲೆಕ್ಕಕ್ಕೂ ಸಿಗದ ಪ್ರಜೆಗಳು.

ಕಾನೂನು ಈ ಲೆಕ್ಕವನ್ನು ಕೇಳಿಲ್ಲವೆಂದಲ್ಲ. 1976ರಲ್ಲಿ ಬಂದ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ವೃಕ್ಷ ಪ್ರಾಧಿಕಾರವೊಂದನ್ನು ಕಲ್ಪಿಸಿ, ಇರುವ ಮರಗಳ ಗಣತಿ ಮಾಡುವುದು ಅದರ ಕರ್ತವ್ಯಗಳಲ್ಲೊಂದು ಎಂದು ಹೇಳುತ್ತದೆ. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ಗಣತಿಯ ಮಾತು ಮಾತ್ರ ಕಾಯ್ದೆಯ ಪುಟದಲ್ಲೇ ದಶಕಗಳ ಕಾಲ ನಿದ್ದೆ ಹೋಯಿತು. ಎಷ್ಟಿದೆ ಎಂಬುದೇ ತಿಳಿಯದೆ ಎಷ್ಟು ಹೋಯಿತು ಎಂದು ಹೇಳುವುದು ಹೇಗೆ? ಹುಂಡಿಯಲ್ಲಿ ಎಷ್ಟಿತ್ತೆಂದು ಬರೆದಿಡದ ದೇವಸ್ಥಾನದಲ್ಲಿ ಕಳವಿನ ದೂರು ಕೊಡಲು ಹೊರಟಂತೆ.

ಮರ ಎಣಿಸುವುದೇನು ಮಹಾ ಕೆಲಸ ಎನ್ನಬಹುದು. ಗಾಂಧಿ ಬಜಾರಿನ ಮುಖ್ಯರಸ್ತೆಯ ಮರಗಳನ್ನು ಕಾಫಿ ಕುಡಿದು ಹೊರಟವರು ಒಂದು ಸಂಜೆಯಲ್ಲಿ ಎಣಿಸಿ ಮುಗಿಸಬಹುದು, ನಿಜ. ತೊಡಕು ಬರುವುದು ಕಾಂಪೌಂಡಿನ ಒಳಗೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಹಿತ್ತಿಲಲ್ಲಿ ಎರಡು ತೆಂಗು, ಒಂದು ಮಾವು, ಪೂಜೆಗೆಂದು ಪಾರಿಜಾತ, ಬಿಲ್ವ, ಬಾವಿಕಟ್ಟೆಯ ಪಕ್ಕ ಸಂಪಿಗೆ, ಜಾಗ ಹೆಚ್ಚಿದ್ದರೆ ಹಲಸು ಇರುವುದು ಅಪರೂಪವಲ್ಲ. ಕಾಗದ ಪೆನ್ಸಿಲು ಹಿಡಿದು ಗೇಟಿನ ಮುಂದೆ ನಿಂತವನನ್ನು ಮನೆಯವರು ಮೊದಲು ಕೇಳುವುದೇ, 'ಏನಪ್ಪಾ, ಕಂದಾಯ ಏರಿಸೋಕೆ ಬಂದ್ರಾ?' ಎಂದು. ರಸ್ತೆಯಿಂದ ಕಾಣದ ಈ ಹಿತ್ತಿಲ ಮರಗಳೇ ಹಳೆಯ ಬಡಾವಣೆಗಳ ಹಸಿರಿನಲ್ಲಿ ದೊಡ್ಡ ಪಾಲು. ಕಾಂಪೌಂಡಿನ ಗೋಡೆ ಅಡ್ಡ ಬರದಿರುವುದು ಒಂದೇ ಕಡೆಯಿಂದ: ಮೇಲಿನಿಂದ.

ಕೃತಕ ಉಪಗ್ರಹದ ವಿಷಯ ಬರುವುದು ಇಲ್ಲಿ. ಇದಕ್ಕೆ ಬೆಂಗಳೂರಿನವರು ಹೊರಗೆಲ್ಲೂ ಹುಡುಕಬೇಕಿಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿತು. ನೆಲವನ್ನು ನೋಡಲೆಂದೇ ರೂಪಿಸಿದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟೊಂದರ ಮೇಲೆ ಬೈಕನೂರಿನಿಂದ ಮೇಲೇರಿತು. ಅದರ ಸೂಕ್ಷ್ಮವಾದ ಕ್ಯಾಮೆರಾಕ್ಕೆ ಕಾಣುತ್ತಿದ್ದ ಅತಿ ಸಣ್ಣ ಚೌಕದ ಬದಿ ಸುಮಾರು 36 ಮೀಟರು. ಬಸವನಗುಡಿಯ ಭಾಷೆಯಲ್ಲಿ ಹೇಳುವುದಾದರೆ 40ಕ್ಕೆ 60 ಅಡಿಯ ಆರು ಸೈಟುಗಳು ಸೇರಿ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಮನೆ, ಮರ, ರಸ್ತೆ, ಬಟ್ಟೆ ಒಣಹಾಕಿದ ತಾರಸಿ ಎಲ್ಲವೂ ಕಲಸಿ ಒಂದೇ ಬಣ್ಣ. ಅದರಿಂದ ಕಾಡು ಗುರುತಿಸಬಹುದು, ಕಬ್ಬಿನ ಗದ್ದೆ ಗುರುತಿಸಬಹುದು, ಕೆರೆ ಗುರುತಿಸಬಹುದು. ಮರ ಮಾತ್ರ ಸಾಧ್ಯವಿಲ್ಲ.

1995ರ ಕೊನೆಯಲ್ಲಿ ಹಾರಿದ ಐಆರ್‌ಎಸ್-1ಸಿ ಈ ಚುಕ್ಕೆಯ ಬದಿಯನ್ನು 5.8 ಮೀಟರಿಗೆ ಇಳಿಸಿತು. ಆ ಕಾಲದ ನಾಗರಿಕ ಉಪಗ್ರಹಗಳಲ್ಲಿ ಅದಕ್ಕಿಂತ ಚೂಪಾದ ಕಣ್ಣು ಇನ್ನೊಂದಿರಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಬೆಳೆದುನಿಂತ ಮಳೆಮರದ ಕೊಡೆ 20 ಮೀಟರು ಅಗಲವಿದ್ದರೆ 5.8 ಮೀಟರಿನ ಚಿತ್ರದಲ್ಲಿ ಅದಕ್ಕೆ ಒಂಬತ್ತು ಚುಕ್ಕೆಗಳು ಸಿಗುತ್ತವೆ. ಮರವೊಂದು ಇದೆ ಎನ್ನಲು ಅಷ್ಟು ಸಾಕು. ಆದರೆ ಹಿತ್ತಿಲ ತೆಂಗಿನ ಗರಿಗಳ ಹರವು ಆರು ಮೀಟರೆಂದುಕೊಂಡರೆ ಅದರ ಪಾಲಿಗೆ ಒಂದು ಇಡೀ ಚುಕ್ಕೆಯೂ ಇಲ್ಲ. 2019ರ ಕಾರ್ಟೊಸ್ಯಾಟ್-3ರ ಕಪ್ಪುಬಿಳುಪು ಚಿತ್ರದಲ್ಲಿ ಚುಕ್ಕೆಯ ಬದಿ ಕಾಲು ಮೀಟರು. ಅದೇ ಮಳೆಮರ ಅಲ್ಲಿ ಸುಮಾರು ಐದು ಸಾವಿರ ಚುಕ್ಕೆಗಳಾಗಿ ಹರಡಿಕೊಳ್ಳುತ್ತದೆ, ತೆಂಗು ನಕ್ಷತ್ರದಂತೆ ಗರಿ ಬಿಚ್ಚಿ ನಿಲ್ಲುತ್ತದೆ.

ಇನ್ನು, ಮೇಲಿನಿಂದ ನೋಡಿದಾಗ ಹಸಿರು ಬಣ್ಣ ಬಳಿದ ತಾರಸಿಗೂ ಮರಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಉಪಗ್ರಹ ಹಸಿರನ್ನು ನಂಬುವುದಿಲ್ಲ. ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲಿನ ಕೆಂಪು ಕಿರಣಗಳನ್ನು ಆಹಾರ ತಯಾರಿಕೆಗೆಂದು ಹೀರಿಕೊಳ್ಳುತ್ತದೆ. ಕೆಂಪಿನ ಆಚೆಗಿರುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಎಲೆಗೆ ಉಪಯೋಗವಿಲ್ಲ. ಎಲೆಯೊಳಗಿನ ಕೋಶಗಳ ರಚನೆ ಅವನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಕೆಂಪಿನಲ್ಲಿ ಕಪ್ಪು, ಅವಕೆಂಪಿನಲ್ಲಿ ಥಳಥಳ: ಜೀವಂತ ಎಲೆಯ ಈ ಸಹಿಯನ್ನು ಬಣ್ಣದ ಡಬ್ಬದಿಂದ ನಕಲು ಮಾಡುವುದು ಸುಲಭವಲ್ಲ. ಅವಕೆಂಪಿನ ಅಳತೆಯಿಂದ ಕೆಂಪಿನ ಅಳತೆಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅದು ಒಂದರ ಕಡೆಗೆ ಸರಿದಷ್ಟೂ ಎಲೆ ದಟ್ಟ, ಸೊನ್ನೆಯ ಬಳಿ ಇದ್ದರೆ ಕಾಂಕ್ರೀಟು ಅಥವಾ ಬರಿ ಮಣ್ಣು, ಸೊನ್ನೆಗಿಂತ ಕೆಳಗಿಳಿದರೆ ಹೆಚ್ಚಾಗಿ ನೀರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮೇಲೆ ದುಡಿದವರು ಕಂಡುಕೊಂಡ ಈ ಹೈಸ್ಕೂಲು ಮಟ್ಟದ ಭಾಗಾಕಾರದ ಮೇಲೆಯೇ ಇಂದಿಗೂ ಜಗತ್ತಿನ ಅರ್ಧ ಸಸ್ಯ ನಕ್ಷೆಗಳು ನಿಂತಿವೆ.

ಬೆಂಗಳೂರಿನ ಮರಗಳನ್ನು ಹೀಗೆ ಎಣಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು. ಅವರ ವರದಿ ಹೊರಬಂದದ್ದು 2014ರಲ್ಲಿ. ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಚಿತ್ರದಲ್ಲಿ ಬಣ್ಣಗಳಿವೆ, ಚೂಪು ಕಡಿಮೆ. ಕಾರ್ಟೊಸ್ಯಾಟ್ ಚಿತ್ರ ಚೂಪಾಗಿದೆ, ಬಣ್ಣವಿಲ್ಲ. ಒಂದರ ಬಣ್ಣವನ್ನು ಇನ್ನೊಂದರ ಗೆರೆಗಳ ಮೇಲೆ ಹಾಸಿ, ಮರದ ಕೊಡೆಗಳನ್ನು ಗುರುತಿಸಿ, ಬೀದಿಗಿಳಿದು ತಾಳೆ ನೋಡಿ ಅವರು ಮುಂದಿಟ್ಟ ಅಂಕಿ 14.78 ಲಕ್ಷ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 741 ಚದರ ಕಿಲೋಮೀಟರು ವ್ಯಾಪ್ತಿಯಲ್ಲಿ, ಏಳು ಜನಕ್ಕೆ ಒಂದು ಮರದ ಲೆಕ್ಕ. ಚಿಕ್ಕಪೇಟೆ, ಶಿವಾಜಿನಗರ, ಪಾದರಾಯನಪುರದಂಥ ವಾರ್ಡುಗಳಲ್ಲಿ ವಾರ್ಡಿಗೆ ನೂರು ಮರವೂ ಸಿಗಲಿಲ್ಲ. ಪಾದರಾಯನಪುರ ಚಾಮರಾಜಪೇಟೆಗೆ ಹತ್ತಿರದ್ದೇ, ಬಸವನಗುಡಿಯೂ ದೂರವಲ್ಲ. ಮರದ ನೆರಳು ಈ ಊರಿನಲ್ಲಿ ಬಡಾವಣೆ ನೋಡಿ ಬೀಳುತ್ತದೆ ಎಂಬುದನ್ನು ಈ ನಕ್ಷೆ ಯಾರ ಭಾಷಣದ ಹಂಗೂ ಇಲ್ಲದೆ ತೋರಿಸಿತು.

ಬಸವನಗುಡಿಗೆ ನೆರಳು ಬಂದದ್ದು ಹೇಗೆ? ಚಾಮರಾಜಪೇಟೆ 1892ರ ವೇಳೆಗೆ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರ ಅದೇ ದಶಕದವು. 1898ರಲ್ಲಿ ಪೇಟೆಗೆ ಪ್ಲೇಗು ಹೊಕ್ಕಾಗ, ಗಾಳಿ ಬೆಳಕು ಇರುವ ಅಗಲ ರಸ್ತೆಗಳ ಈ ಬಡಾವಣೆಗಳಿಗೆ ಜನ ಧಾವಿಸಿದರು. ರೋಗಕ್ಕೆ ಹೆದರಿ ಬಿಟ್ಟ ಅಗಲವೇ ಮುಂದೆ ಮರಗಳಿಗೆ ಜಾಗವಾಯಿತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಬಿರಿಯುವಂತೆ ವರ್ಷವಿಡೀ ಸರದಿಯ ಮೇಲೆ ಹೂ ಬಿಡುವ ಮರಗಳನ್ನು ಊರಿನ ರಸ್ತೆಗಳಿಗೆ ಆಯ್ದರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ; ಅದರಲ್ಲಿ ಓಡಾಡುವ ಎಷ್ಟೋ ಮಂದಿಗೆ ಅದೊಂದು ಮನುಷ್ಯನ ಹೆಸರೆಂಬುದೇ ತಿಳಿದಿರಲಾರದು. ಮಲ್ಲೇಶ್ವರದವರಂತೂ ರಸ್ತೆಗಳಿಗೇ ಮರಗಳ ಹೆಸರಿಟ್ಟುಕೊಂಡರು. ಒಂದು ಸಂಪಿಗೆ, ಇನ್ನೊಂದು ಮಾರ್ಗೋಸಾ. ಮಾರ್ಗೋಸಾ ಎಂದರೆ ನಮ್ಮ ಬೇವೇ. ಬೇವಿನ ರಸ್ತೆ ಎಂದಿಟ್ಟಿದ್ದರೆ ಬೆಲ್ಲದ ರಸ್ತೆ ಎಲ್ಲಿ ಎಂದು ಯಾರಾದರೂ ಕೇಳಿಯಾರೆಂಬ ಭಯವಿತ್ತೋ ಏನೋ.

ಕ್ರುಂಬಿಗಲ್ ಅವರ ಈ ಹೂವಿನ ಸರದಿ ನಕ್ಷೆಗಾರರಿಗೆ ಒಂದು ತಲೆನೋವನ್ನೂ ಒಂದು ಉಪಾಯವನ್ನೂ ಒಟ್ಟಿಗೆ ಕೊಟ್ಟಿದೆ. ಜೂನಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ಮೇಲೆ ಮೋಡ. ಉಪಗ್ರಹಕ್ಕೆ ಸಿಗುವುದು ಹತ್ತಿಬೆಟ್ಟದ ಚಿತ್ರ. ಆಕಾಶ ತಿಳಿಯಾಗುವುದು ಡಿಸೆಂಬರಿನಿಂದ ಮಾರ್ಚಿನವರೆಗೆ. ಆದರೆ ಆಗಲೇ ಅನೇಕ ಮರಗಳು ಎಲೆ ಉದುರಿಸುವುದು. ಟಬೆಬುಯಾ ಹೂ ಬಿಡುವಾಗ ಮೈಮೇಲೆ ಎಲೆಯೇ ಇರುವುದಿಲ್ಲ. ಹೊಂಗೆ ಒಂದೆರಡು ವಾರ ಬೋಳಾಗಿ ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂಥ ಚಿಗುರು ಹೊದೆಯುತ್ತದೆ. ಅವಕೆಂಪಿನ ಸಹಿಯನ್ನಷ್ಟೇ ನಂಬಿದವನು ಫೆಬ್ರವರಿಯ ಒಂದು ಬೆಳಿಗ್ಗೆ ಎಣಿಸಿದರೆ, ಊರಿಗೆ ಊರೇ ನಿಂತು ನೋಡುವ ಗುಲಾಬಿ ಹೂವಿನ ಮರ ಅವನ ಲೆಕ್ಕದಲ್ಲಿ ಇರುವುದೇ ಇಲ್ಲ. ಹಾಗೆಂದು ಒಂದೇ ಬೀದಿಯನ್ನು ಜನವರಿ, ಮಾರ್ಚ್, ಮೇ ತಿಂಗಳುಗಳಲ್ಲಿ ನೋಡಿ ಪಕ್ಕಪಕ್ಕ ಇಟ್ಟರೆ, ಯಾವ ಚುಕ್ಕೆ ಯಾವಾಗ ಬೋಳಾಯಿತು, ಯಾವಾಗ ಬಣ್ಣ ತಿರುಗಿತು ಎಂಬುದರಿಂದಲೇ ಮರದ ಜಾತಿಯನ್ನು ಊಹಿಸಬಹುದು. ಮೇ ತಿಂಗಳಲ್ಲಿ ಕೆಂಪಗೆ ಉರಿಯುವ ಕೊಡೆ ಗುಲ್‌ಮೊಹರ್ ಅಲ್ಲದೆ ಇನ್ನೇನು? ಈ ವಿಧಾನ ಹೊರದೇಶಗಳ ಕಾಡುಗಳಲ್ಲಿ ಬಳಕೆಯಲ್ಲಿದೆ. ಬೆಂಗಳೂರಿನಂತೆ ಹೂವಿನ ಪಂಚಾಂಗವನ್ನು ಮೊದಲೇ ಬರೆದಿಟ್ಟ ಊರಿಗೆ ಅದು ಇನ್ನೂ ಚೆನ್ನಾಗಿ ಒಪ್ಪೀತು.

ಉಪಗ್ರಹಕ್ಕೆ ಕಾಣದ ಸಂಗತಿಗಳೂ ಕಡಿಮೆಯಿಲ್ಲ. ಅದು ಕಾಣುವುದು ಕೊಡೆಯನ್ನು, ಕಾಂಡವನ್ನಲ್ಲ. ಎರಡು ಮಳೆಮರಗಳು ರಸ್ತೆಯ ಆಚೀಚೆಯಿಂದ ಕೈ ಚಾಚಿ ಮೇಲೆ ಬೆಸೆದುಕೊಂಡರೆ ಅದರ ಪಾಲಿಗೆ ಅವು ಒಂದೇ. ದೊಡ್ಡ ಮರದ ಅಡಿ ಬೆಳೆದ ಸಣ್ಣ ಬಿಲ್ವ ಅದಕ್ಕೆ ಇಲ್ಲವೇ ಇಲ್ಲ. ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ನೆರಳಿಗೆ ಸಿಕ್ಕಿದ ಮರ ಕತ್ತಲಲ್ಲಿ ಕಳೆದುಹೋಗುತ್ತದೆ. ಬುಡಕ್ಕೆ ಸಿಮೆಂಟು ಸುರಿದಿದ್ದಾರೆಯೇ, ಪೈಪು ಹೂಳಲು ಅಗೆದವರು ಬೇರು ಕತ್ತರಿಸಿದ್ದಾರೆಯೇ, ಕಾಂಡದೊಳಗೆ ಹುಳು ಹಿಡಿದು ಟೊಳ್ಳಾಗಿದೆಯೇ ಎಂಬುದು ಆರುನೂರು ಕಿಲೋಮೀಟರು ಎತ್ತರದಿಂದ ತಿಳಿಯುವಂಥದ್ದಲ್ಲ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಗೆ ಕಾರು, ಆಟೋಗಳ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೆ ಉರುಳುವ ಮರಗಳು ಹಿಂದಿನ ದಿನದ ಚಿತ್ರದಲ್ಲಿ ಸೊಂಪಾದ ಹಸಿರಾಗಿಯೇ ಕಾಣುತ್ತಿರುತ್ತವೆ. ಹೀಗಾಗಿ ಮೇಲಿನ ಲೆಕ್ಕಕ್ಕೆ ಕೆಳಗಿನ ಲೆಕ್ಕ ಜೊತೆಯಾಗಲೇಬೇಕು.

ಕೆಳಗಿನ ಲೆಕ್ಕದಲ್ಲಿ ದೊಡ್ಡ ಹೆಸರು ಹರಿಣಿ ನಾಗೇಂದ್ರ ಅವರದು. ಅವರು ಸಹೋದ್ಯೋಗಿಯೊಡನೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಬೀದಿಮರಗಳನ್ನು ನೆಲದ ಮೇಲೆ ನಿಂತು ಅಳೆದದ್ದು. ಯಾವ ಒಂದು ಜಾತಿಯೂ ಒಟ್ಟು ಮರಗಳಲ್ಲಿ ಹತ್ತನೆಯ ಒಂದು ಪಾಲನ್ನು ಮುಟ್ಟಿರಲಿಲ್ಲ, ಅಷ್ಟು ವೈವಿಧ್ಯ. ಅಗಲ ರಸ್ತೆಗಳಲ್ಲಿ ಹೆಚ್ಚು ಮರ, ದೊಡ್ಡ ಮರ. ಇಕ್ಕಟ್ಟು ರಸ್ತೆಗಳಲ್ಲಿ ಕಡಿಮೆ, ಅದೂ ಸಣ್ಣ ಜಾತಿಯವು. ಈಚೆಗೆ ನೆಟ್ಟವು ಹಿಂದಿನವರು ನೆಟ್ಟಂಥ ವಿಶಾಲ ಕೊಡೆಯ ಜಾತಿಗಳಲ್ಲ. ಅಂದರೆ ಒಂದು ಮಳೆಮರ ಕಡಿದು ಎರಡು ಗಿಡ ನೆಟ್ಟರೆ ಕಡತದಲ್ಲಿ ಮರಗಳ ಸಂಖ್ಯೆ ಏರುತ್ತದೆ, ರಸ್ತೆಯಲ್ಲಿ ನೆರಳು ಇಳಿಯುತ್ತದೆ. ಸಂಖ್ಯೆಗಿಂತ ಕೊಡೆಯ ವಿಸ್ತಾರ ಮುಖ್ಯ ಎಂಬ ಮಾತಿಗೆ ಇದೇ ಆಧಾರ, ಮತ್ತು ವಿಸ್ತಾರ ಅಳೆಯುವುದರಲ್ಲಿ ಉಪಗ್ರಹವೇ ನಿಪುಣ.

ನೆರಳಿನ ಬೆಲೆ ಎಷ್ಟು? ಇಂಥ ಸುದ್ದಿ ಬಂದಾಗಲೆಲ್ಲ ಒಬ್ಬ ಮನುಷ್ಯನ ಉಸಿರಿಗೆ ಇಷ್ಟು ಮರ ಬೇಕು ಎಂಬ ಲೆಕ್ಕವೊಂದು ಪತ್ರಿಕೆಗಳಲ್ಲಿ ಸುತ್ತುತ್ತದೆ. ನನಗೇನೋ ಆ ಲೆಕ್ಕ ಹಿಡಿಸುವುದಿಲ್ಲ. ನಾವು ಬಿಡುವ ಉಸಿರಿನ ಇಂಗಾಲ ನಾವು ತಿಂದ ಅನ್ನದ್ದು. ಅದನ್ನು ಗಾಳಿಯಿಂದ ಹೀರಿದ್ದು ಮಂಡ್ಯದ ಗದ್ದೆಯೇ ಹೊರತು ಬಸವನಗುಡಿಯ ಮರವಲ್ಲ. ಮರದ ಪರವಾಗಿ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬೆಂಗಳೂರಿನ ಮರವಿರುವ ರಸ್ತೆ ಮತ್ತು ಮರವಿಲ್ಲದ ರಸ್ತೆಗಳನ್ನು ಮಧ್ಯಾಹ್ನದ ಹೊತ್ತು ಹೋಲಿಸಿದಾಗ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿವರೆಗೆ, ಡಾಂಬರಿನ ಮೇಲ್ಮೈ ಉಷ್ಣತೆಯಲ್ಲಿ 27.5 ಡಿಗ್ರಿವರೆಗೆ ವ್ಯತ್ಯಾಸ ಕಂಡಿತು. ಫುಟ್‌ಪಾತಿನ ಮೇಲೆ ಹೂವು, ಬಾಳೆಎಲೆ ಹರವಿಕೊಂಡು ದಿನವಿಡೀ ಕೂರುವವರಿಗೆ ಆ ಡಿಗ್ರಿಗಳನ್ನು ವಿವರಿಸುವ ಅಗತ್ಯವಿಲ್ಲ. ಅವರು ಅಂಗಡಿ ಹೂಡುವ ಜಾಗವೇ ಮರದ ನಕ್ಷೆ.

ಇನ್ನೊಂದು ಲೆಕ್ಕವಿದೆ, ಅದನ್ನು ಯೋಚಿಸಿದಾಗ ಸ್ವಲ್ಪ ದಿಗಿಲಾಗುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ದನಕರು ಬಾಯಿ ಹಾಕದಂತೆ ಬಿದಿರ ತಡಿಕೆ ಕಟ್ಟಿದ ಆ ಸಸಿಗಳು ಹಳಬರ ನೆನಪಿನಲ್ಲಿರಬಹುದು. ಮೂರು ದಶಕಗಳ ನಂತರ, ಆಗಿನದಕ್ಕಿಂತ ಎಷ್ಟೋ ದೊಡ್ಡದಾಗಿ ಬೆಳೆದ ಊರಿನಲ್ಲಿ, ಕ್ರುಂಬಿಗಲ್ ಕಾಲದ ಮರಗಳನ್ನೂ ಹಳ್ಳಿಗಳ ತೋಪುಗಳನ್ನೂ ಸೇರಿಸಿ ಎಣಿಸಿದಾಗ ಸಿಕ್ಕಿದ್ದು 14.78 ಲಕ್ಷ. ನೆಟ್ಟ ಸಸಿಗಳೆಲ್ಲ ಬದುಕುವುದಿಲ್ಲ, ಉಪಗ್ರಹಕ್ಕೆ ಎಲ್ಲ ಮರ ಕಾಣುವುದೂ ಇಲ್ಲ, ಎರಡೂ ಸರಿ. ಆದರೂ ನೆಟ್ಟದ್ದು ಎಷ್ಟು ಎಂಬ ಅಂಕಿಯನ್ನು ನಾವು ಎಷ್ಟು ಹುರುಪಿನಿಂದ ಇಟ್ಟುಕೊಂಡೆವೋ ಉಳಿದದ್ದು ಎಷ್ಟು ಎಂಬುದನ್ನು ಅಷ್ಟೇ ಮೈಗಳ್ಳತನದಿಂದ ಕೈಬಿಟ್ಟೆವು. ನಗರದಲ್ಲಷ್ಟೇ ಹೀಗೆ ಎಂದುಕೊಳ್ಳಬೇಡಿ. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದವರು ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿಗೆ ಕಲಿಸಿ ಭಾರತದ ಹೊಲಗಳ ನಡುವಿನ ಮರಗಳನ್ನು ಒಂದೊಂದಾಗಿ ಎಣಿಸಿ 2024ರಲ್ಲಿ ಪ್ರಕಟಿಸಿದರು. 2010-11ರಲ್ಲಿ ಗುರುತಿಸಿದ್ದ ದೊಡ್ಡ ಮರಗಳಲ್ಲಿ ಶೇಕಡ 11ರಷ್ಟು 2018ರ ಹೊತ್ತಿಗೆ ಕಾಣೆಯಾಗಿದ್ದವು.

ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ರಸ್ತೆ ಅಗಲ ಮಾಡುವಾಗ, ಮೇಲ್ಸೇತುವೆ ಕಟ್ಟುವಾಗ ಗೊತ್ತಾಗುತ್ತದೆ. 2009ರಲ್ಲಿ ಮೆಟ್ರೋಗಾಗಿ ಲಾಲ್‌ಬಾಗಿನ ಅಂಚು ಮತ್ತು ನಂದಾ ಚಿತ್ರಮಂದಿರದ ರಸ್ತೆಯ ಮರಗಳಿಗೆ ಗರಗಸ ಬಂದಾಗ ಸುತ್ತಲಿನ ಜನ ಬೀದಿಗಿಳಿದರು. 2023ರಲ್ಲಿ ಮಲ್ಲೇಶ್ವರದ ಸ್ಯಾಂಕಿ ಕೆರೆಯ ಬಳಿಯ ಮೇಲ್ಸೇತುವೆಯ ಯೋಜನೆಗೆ ವಿರೋಧ ಎದ್ದಾಗಲೂ ಮರಗಳೇ ಮುಂದಿದ್ದವು. ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರಿಗೆ ತಿಳಿಸಿ ಆಕ್ಷೇಪಣೆ ಕರೆಯಬೇಕೆಂದು ಕಾಯ್ದೆಗೆ ತಿದ್ದುಪಡಿ ಬಂದಿದೆ. ಆದರೆ ಬಸವನಗುಡಿಯ ಹಸಿರು ಕರಗುವುದು ಐವತ್ತರ ಲೆಕ್ಕದಲ್ಲಲ್ಲ. ಅಣ್ಣತಮ್ಮಂದಿರಿಗೆ ಪಾಲಾಗಿ, ಹಳೆಯ ಹೆಂಚಿನ ಮನೆ ಬಿಲ್ಡರಿನ ಕೈಸೇರಿ, ಗೇಟಿನಿಂದ ಗೇಟಿನವರೆಗೆ ಕಾರು ನಿಲ್ಲಿಸಲು ತಳ ಅಗೆದಾಗ ಒಂದು ಹಿತ್ತಿಲಿನಲ್ಲಿ ಹೋಗುವುದು ನಾಲ್ಕು ಮರ, ಐದು ಮರ. ಪ್ರತಿಭಟನೆಗೆ ಅದು ತೀರ ಸಣ್ಣ ಸಂಖ್ಯೆ, ಪಕ್ಕದ ಮನೆಯವರಿಗೆ ದಾಕ್ಷಿಣ್ಯ ಬೇರೆ. ಇಂಥ ನಷ್ಟವನ್ನು ಹಿಡಿಯಬಲ್ಲದ್ದು ಐದೈದು ವರ್ಷಕ್ಕೊಮ್ಮೆ ತೆಗೆದು ಒಂದರ ಮೇಲೊಂದು ಇಟ್ಟು ನೋಡುವ ಚಿತ್ರ ಮಾತ್ರ.

ಈ ವಿಷಯ ಹೈಕೋರ್ಟಿನವರೆಗೆ ಹೋದ ಮೇಲೆ ಬೀದಿಬೀದಿಯ ಗಣತಿಯ ತಾಂತ್ರಿಕ ಹೊಣೆ ಬಿದ್ದದ್ದು ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೇಲೆ. ಮರದ ಹೆಸರು, ಕಾಂಡದ ಸುತ್ತಳತೆ, ಆರೋಗ್ಯ, ನಿಂತಿರುವ ಜಾಗದ ಅಕ್ಷಾಂಶ ರೇಖಾಂಶ ಇವೆಲ್ಲ ದಾಖಲಾದಾಗಲೇ ಗಣತಿಗೆ ಅರ್ಥ. ಅಕ್ಷಾಂಶ ರೇಖಾಂಶ ಏಕೆ ಎಂಬುದಕ್ಕೆ ಈಚೆಗಿನ ಒಂದು ಉದಾಹರಣೆ ಸಾಕು. 2014ರ ಅಂಕಿಗಳು ಅಂದಿನ 198 ವಾರ್ಡುಗಳ ಪ್ರಕಾರ ಇವೆ. ಆ ಪಾಲಿಕೆಯೇ 2025ರಲ್ಲಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು, ವಾರ್ಡುಗಳ ಗಡಿಗಳೂ ಬದಲಾದವು. ಹಳೆಯ ವಾರ್ಡಿನ ಮರಗಳನ್ನು ಹೊಸ ವಾರ್ಡಿನ ಮರಗಳೊಡನೆ ಹೋಲಿಸುವುದು ಸೇರಿನಲ್ಲಿ ಅಳೆದದ್ದನ್ನು ಲೀಟರಿನಲ್ಲಿ ಅಳೆದದ್ದರ ಜೊತೆ ಇಟ್ಟಂತೆ. ಜಾಗದ ಅಂಕಿಯೊಡನೆ ದಾಖಲಾದ ಮರಕ್ಕೆ ಈ ಚಿಂತೆಯಿಲ್ಲ. ವಾರ್ಡು ಎಷ್ಟು ಸಲ ಹರಿದು ಹೊಲಿದರೂ ಕೃಷ್ಣರಾವ್ ಉದ್ಯಾನದ ಮರ ಕೃಷ್ಣರಾವ್ ಉದ್ಯಾನದಲ್ಲೇ ಇರುತ್ತದೆ.

ಹೊರಗಿನವರು ಇದನ್ನು ಹೇಗೆ ಮಾಡಿದರೆಂದು ನೋಡಿದರೆ, ನ್ಯೂಯಾರ್ಕಿನಲ್ಲಿ 2015ರಲ್ಲಿ ಸಾವಿರಾರು ಸ್ವಯಂಸೇವಕರು ಬೀದಿಬೀದಿ ಅಲೆದು ಸುಮಾರು 6.66 ಲಕ್ಷ ಬೀದಿಮರಗಳನ್ನು ಗುರುತಿಸಿದರು. ಅಲ್ಲಿ ಯಾರು ಬೇಕಾದರೂ ತಮ್ಮ ಮನೆಯೆದುರಿನ ಮರವನ್ನು ನಕ್ಷೆಯಲ್ಲಿ ಹುಡುಕಬಹುದು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದವರು 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದೊಂದು ಮರಕ್ಕೂ ಒಂದು ಸಂಖ್ಯೆ, ಒಂದು ಇ-ಮೇಲ್ ವಿಳಾಸ ಕೊಟ್ಟರು. ಕೊಂಬೆ ಮುರಿದಿದೆ, ರೋಗ ತಗುಲಿದೆ ಎಂದು ಜನ ದೂರು ಬರೆಯಲಿ ಎಂಬುದು ಅವರ ಉದ್ದೇಶ. ಜನ ಬರೆದದ್ದು ಮರಗಳಿಗೆ ಪ್ರೇಮಪತ್ರಗಳನ್ನು. ಬಸವನಗುಡಿಯ ಮರಗಳಿಗೆ ಸದ್ಯಕ್ಕೆ ಅಂಥ ವಿಳಾಸಗಳಿಲ್ಲ. ಅವುಗಳ ಹೆಸರಿಗೆ ಬರುವ ಟಪಾಲೆಂದರೆ, ಎದೆಮಟ್ಟದಲ್ಲಿ ಮೊಳೆ ಹೊಡೆದು ತೂಗಿಬಿಟ್ಟ 'ಮನೆ ಬಾಡಿಗೆಗೆ ಇದೆ' ಎಂಬ ಫಲಕ.